ಮುಟ್ಟಿದ್ದು ಒಂದೇ ಪಾತ್ರೆ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಕಣ್ಣಿನ ಆಪರೇಶನ್ ಮುಗಿಯಲಿ ಅಂದೆ. ಒಮ್ಮೆ ಹೆಂಡತಿಯ ವರ್ಷಾಂತಿಕ ಕಳೆಯಲಿ ಅಂದೆ. ಎರಡೂ ಆಗಿ ಬಹಳ ಕಾಲವಾಯಿತು. ಹೈಸ್ಕೂಲು ಓದಿದವನಿಗೆ ಬರೆಯಲು ಎಲ್ಲಿ ಬರುತ್ತದೆ ಎಂಬ ನೆಪವೂ ಇತ್ತು. ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ರಿಜಿಸ್ಟರ್ ಬರೆದವನ ಬಾಯಲ್ಲಿ ಆ ನೆಪ ಒಪ್ಪುವುದಿಲ್ಲ. ನನ್ನ ಮೇಲೆ ನನಗಿರುವ ಹೇಸಿಗೆಯನ್ನು ಕಾಗದದ ಮೇಲೆ ನೋಡುವ ಧೈರ್ಯ ಇರಲಿಲ್ಲ, ಅಷ್ಟೆ.

ಆಗ ನಾವು ಸನತ್‌ನಗರದಲ್ಲಿ ಬಾಡಿಗೆಗಿದ್ದೆವು. ನಾನು, ಹೆಂಡತಿ, ಮಗ, ಸೊಸೆ. ಮಗ ಸಿ.ಎ. ಆಗಬೇಕೆಂಬುದು ನನ್ನ ಆಸೆ. ಅವನು ಕೊನೆಯ ಪರೀಕ್ಷೆಗೆ ನಾಲ್ಕು ಸಲ ಕೂತ, ನಾಲ್ಕು ಸಲವೂ ಬಿದ್ದ. ಸಾಕಪ್ಪ ಎಂದು ನಾಚಾರಂ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡ. ಅವನಿಗೆ ಗುಲಬರ್ಗಾದಿಂದ ಹೆಣ್ಣು ತಂದೆವು. ಆ ಹುಡುಗಿಯೂ ಅದೇ ಪರೀಕ್ಷೆಗೆ ಓದುತ್ತಿದ್ದಳು. "ಓದ್ಲಿ ಬಿಡ್ರಿ, ನಮ್ಮದೇನೂ ಅಡ್ಡಿ ಇಲ್ಲ" ಎಂದು ಬೀಗರ ಮುಂದೆ ದೊಡ್ಡದಾಗಿ ಹೇಳಿದವನು ನಾನೇ.

ಮನೆಯವರು ಅವಳ ಬೆನ್ನಿಗೆ ನಿಂತದ್ದು ಸುಳ್ಳಲ್ಲ. ನನ್ನ ಹೆಂಡತಿಗೆ ಬೆರಳ ಗಂಟುಗಳು ಬಾತು ನೋಯುತ್ತಿದ್ದವು. ಆದರೂ ಸಂಜೆ ಸೊಸೆಯ ಕೈಯಿಂದ ಲಟ್ಟಣಿಗೆ ಕಸಿದುಕೊಂಡು ಒಳಗೆ ಓದಲು ಕಳಿಸುತ್ತಿದ್ದಳು. ಮಗ ತನ್ನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ ಕೊಟ್ಟ. ದಾಡಿ ಮಾಡಿಕೊಳ್ಳುತ್ತ ಅವಳಿಗೆ ಪ್ರಶ್ನೆ ಕೇಳುತ್ತಿದ್ದ. ತಾನು ತಪ್ಪಿದ ಲೆಕ್ಕವನ್ನು ಅವಳು ಸರಿಯಾಗಿ ಬಿಡಿಸಿದರೆ ಮುಖದ ತುಂಬ ಸಾಬೂನು ಹಚ್ಚಿಕೊಂಡೇ ನಗುತ್ತಿದ್ದ. ನಾನೇನು ಮಾಡಿದೆ? ರೇಡಿಯೊ ಸಣ್ಣಗೆ ಮಾಡಿದೆ. ಸಣ್ಣಗೆ ಮಾಡಿದ್ದನ್ನು ರೇಷನ್ ಅಂಗಡಿಯಿಂದ ಮಠದವರೆಗೆ ಕಂಡಕಂಡವರಿಗೆಲ್ಲ ಹೇಳಿದೆ. ನಿಮ್ಮಂಥ ಮಾವ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದವರ ಮಾತನ್ನು ಪೇಢೆ ತಿಂದಹಾಗೆ ತಿಂದೆ.

ಆ ಪರೀಕ್ಷೆಯಲ್ಲಿ ಎರಡು ಗುಂಪು. ಒಂದು ಗುಂಪಿನಲ್ಲಿ ಒಂದೇ ಪೇಪರ್ ತಪ್ಪಿದರೂ ಇಡೀ ಗುಂಪು ಹೋದಹಾಗೆ. ಮೇ ತಿಂಗಳ ಪರೀಕ್ಷೆಯಲ್ಲಿ ಅವಳು ಮೊದಲ ಗುಂಪು ದಾಟಿದಳು. ಮಗನಿಗೆ ಅದೂ ಆಗಿರಲಿಲ್ಲ. ನಾನು ಬೀದಿಗೆಲ್ಲ ಪೇಢೆ ಹಂಚಿದೆ. ಮರುದಿನ ನಮ್ಮ ಕಾರ್ಖಾನೆಯ ಗೇಟಿನಲ್ಲಿ, ಜೊತೆಗೆ ಕೆಲಸ ಮಾಡುವ ಬಿಜಾಪುರದ ಕಡೆಯವನೊಬ್ಬ ಪೇಢೆ ಬಾಯಿಗೆ ಹಾಕಿಕೊಂಡು ಕೇಳಿದ:

"ಏನ್ರಿ ಸಾಹೇಬ್ರ, ಮನಿ ಮುಂದ ಬೋರ್ಡ್ ಹಾಕಸ್ತೀರಿ ಹೌದಿಲ್ಲೋ? ಸೊಸಿ ಹೆಸರು ದೊಡ್ಡದು ಬರಸ್ರಿ. ಕೆಳಗ ಜಾಗ ಉಳದ್ರ ಮಗನ ಹೆಸರೂ ಬರಸ್ರಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿಂದ ಮುಂದೆ ಅವಳ ಓದುವ ದನಿ ಕೇಳಿದರೆ ನನಗೆ ಆಗುತ್ತಿರಲಿಲ್ಲ. ಮಗ ನಕ್ಕರೆ ಇನ್ನೂ ಆಗುತ್ತಿರಲಿಲ್ಲ. ಅವನಿಗೇ ಇಲ್ಲದ ಅವಮಾನವನ್ನು ಅವನ ಪರವಾಗಿ ನಾನು ಹೊತ್ತು ತಿರುಗಿದೆ.

ನವೆಂಬರಿನ ಪರೀಕ್ಷೆಯ ದಿನಗಳನ್ನು ಅವಳು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿದ್ದಳು. ನಮ್ಮ ಅಪ್ಪನ ಶ್ರಾದ್ಧ ಕಾರ್ತಿಕದಲ್ಲಿ ಬರುತ್ತದೆ. ಪಂಚಾಂಗ ತೆಗೆದು ನೋಡಿದೆ. ಅವಳ ಮೂರನೆಯ ಪೇಪರಿನ ದಿನವೇ ತಿಥಿ. ಎರಡು ತಿಂಗಳು ಮೊದಲೇ ಗೊತ್ತಾದದ್ದನ್ನು ಯಾರಿಗೂ ಹೇಳದೆ ಇಟ್ಟುಕೊಂಡೆ. ವಾರ ಉಳಿದಾಗ, ಆಗಷ್ಟೇ ಕಂಡವನಂತೆ ಹಣೆ ಗಟ್ಟಿಸಿಕೊಂಡು ಹೇಳಿದೆ. ಮಠದಲ್ಲಿ ಮಾಡಿಸೋಣ, ಅಡಿಗೆಯವರೂ ಅಲ್ಲಿಯೇ ಇರುತ್ತಾರೆ ಎಂದ ಮಗ. ಹಿಂದೆ ಅವನು ಪರೀಕ್ಷೆಗೆ ಓದುವಾಗ ಎರಡು ವರ್ಷ ಹಾಗೆಯೇ ಮಾಡಿಸಿದ್ದೆ, ಮನೆಯಲ್ಲಿ ಗದ್ದಲವಾಗಬಾರದೆಂದು. ಈ ಸಲ, ಮನೆಯ ಸೊಸೆಯ ಕೈ ಅಡಿಗೆ ಪಿತೃಗಳಿಗೆ ಒಂದು ಸಲವೂ ಸಿಕ್ಕಿಲ್ಲ ಎಂದೆ. ಹೆಂಡತಿ ಬಾಯಿ ತೆರೆಯುವ ಮೊದಲೇ ಸೊಸೆ ಒಪ್ಪಿಕೊಂಡಳು. ಪೇಪರ್ ಮಧ್ಯಾಹ್ನ ಎರಡಕ್ಕೆ. ನಸುಕಿನಲ್ಲಿ ಎದ್ದು ಮಡಿಯಲ್ಲಿ ಅಡಿಗೆ ಮುಗಿಸಿ ಹನ್ನೆರಡೂವರೆಗೆ ಹೊರಡುವುದು, ಬಡಿಸುವುದು ಅತ್ತೆ, ಸ್ಕೂಟರಿನಲ್ಲಿ ಬಿಡುವುದು ಗಂಡ ಎಂದು ತಾನೇ ಗೊತ್ತು ಮಾಡಿದಳು.

ಹಾಗೆಯೇ ಮಾಡಿದಳು ಕೂಡ. ಆ ದಿನ ಹನ್ನೊಂದು ಕಾಲಿಗೆ ಎಲ್ಲ ಮುಗಿದಿತ್ತು. ಅನ್ನ, ತೊವ್ವೆ, ಹಾಗಲಕಾಯಿ ಪಲ್ಯ, ವಡೆ, ಪಾಯಸ. ಪಾತ್ರೆಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಇಟ್ಟು, ಮುಚ್ಚಿ, ನೀರು ತರಲು ಹಿತ್ತಲಿಗೆ ಹೋಗಿದ್ದಳು. ಶ್ರಾದ್ಧ ಮಾಡಿಸುವ ಆಚಾರ್ಯರು, ಊಟಕ್ಕೆ ಕರೆದ ಇಬ್ಬರು ಬ್ರಾಹ್ಮಣರು ಪಡಸಾಲೆಯಲ್ಲಿ ಕೂತಿದ್ದರು. ನಾನಿನ್ನೂ ಮಡಿ ಸ್ನಾನ ಮಾಡಿರಲಿಲ್ಲ. ಬೀದಿ ತಿರುಗಿ ಬಂದ ಬನಿಯನ್ನಿನಲ್ಲೇ ಇದ್ದೆ. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದೆ, ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಒಳಗೆ ಹೋಗಿ ಪಾಯಸದ ಪಾತ್ರೆಯ ಮುಚ್ಚಳ ತೆಗೆದು, ಅಂಚಿನ ಮೇಲೆ ಅಂಗೈ ಊರಿದೆ. ಸುಟ್ಟಿತು. ಆದರೂ ತೆಗೆಯಲಿಲ್ಲ, ಮುಟ್ಟಿದ್ದು ಖಾತ್ರಿಯಾಗಲಿ ಎಂಬಂತೆ.

ಆಮೇಲೆ ಅಯ್ಯೋ ಎಂದೆ. ನೀರು ಕುಡಿಯಲು ಬಂದು ಮರೆತು ಮುಟ್ಟಿಬಿಟ್ಟೆನೆಂದು ಹಲುಬಿದೆ. ಎಲ್ಲರೂ ಓಡಿಬಂದರು. ಹೊರಗೆ ಸ್ಕೂಟರ್ ಒರೆಸುತ್ತಿದ್ದ ಮಗನೂ ಬಂದ. ಸೊಸೆ ನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತಳು. ಮುಚ್ಚಿದ್ದ ಪಾತ್ರೆಗಳನ್ನು ಒಂದೊಂದಾಗಿ ನೋಡಿ, ಆಮೇಲೆ ನನ್ನನ್ನು ನೋಡಿದಳು.

"ಮಾವಾರ, ಎಷ್ಟು ಪಾತ್ರಿ ಮುಟ್ಟೀರಿ?"

ಪಾಯಸ ಒಂದೇ ಆಗಿದ್ದರೆ ಅರ್ಧ ಗಂಟೆಯ ಕೆಲಸ. ಮಾಡಿಟ್ಟು ಹೋಗಬಹುದಿತ್ತು. ಅದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

"ಎಲ್ಲಾನೂ" ಅಂದೆ.

ನಾನು ಮಾಡುತ್ತೇನೆ, ನೀ ಹೋಗು ಎಂದು ಹೆಂಡತಿ ಸೆರಗು ಸಿಕ್ಕಿಸಿದಳು. ಆ ಬೆರಳುಗಳಿಂದ ಎಷ್ಟು ಹೊತ್ತಿಗೆ ವಡೆ ತಟ್ಟುತ್ತೀ, ಬ್ರಾಹ್ಮಣರು ಸಂಜೆತನಕ ಕೂಡಬೇಕೇನು ಎಂದು ಗದರಿದೆ. ಆಚಾರ್ಯರು ಒಳ್ಳೆಯ ಮನುಷ್ಯರು. ಇಂಥ ಹೊತ್ತಿನಲ್ಲಿ ಅಕ್ಕಿ, ಬೇಳೆ, ಕಾಯಿಪಲ್ಯವನ್ನು ಹಸಿಯಾಗಿಯೇ ದಾನ ಕೊಟ್ಟು ಮುಗಿಸಲು ಶಾಸ್ತ್ರದಲ್ಲಿ ದಾರಿ ಇದೆ ಎಂದರು. ಮಗ ನನ್ನ ಮುಂದೆ ಕೈ ಮುಗಿದು ನಿಂತ.

"ಅಪ್ಪಾ, ಆಚಾರ್ರೇ ಹೇಳ್ಲಿಕತ್ತಾರ. ಇದೊಂದ್ ಸಲ."

"ನಮ್ಮಪ್ಪ ವರ್ಷಕ್ಕೊಮ್ಮೆ ನನ್ನ ಮನಿಗೆ ಬಂದು ಹಸೀ ಅಕ್ಕಿ ಮುಕ್ಕಿ ಹೋಗಬೇಕೇನು? ಪರೀಕ್ಷಾ ಆರು ತಿಂಗಳಿಗೆ ಮತ್ತ ಬರ್ತದ."

ಅಪ್ಪನ ಹೆಸರು ಎತ್ತಿದ ಮೇಲೆ ಯಾರು ಏನು ಹೇಳಿಯಾರು? ಸೊಸೆ ಕೊಡ ಕೆಳಗಿಟ್ಟಳು. ತಲೆಯ ಮೇಲೆ ಇನ್ನೊಮ್ಮೆ ನೀರು ಸುರುವಿಕೊಂಡು, ಹಿಂಡಿದ ಸೀರೆ ಉಟ್ಟು ಬಂದು, ಉದ್ದಿನಬೇಳೆಯನ್ನು ಬಿಸಿನೀರಿಗೆ ಹಾಕಿದಳು. ಎರಡು ಗಂಟೆ ಹೊಡೆದಾಗ ಅವಳು ವಡೆ ಕರಿಯುತ್ತಿದ್ದಳು. ಗಡಿಯಾರದ ಕಡೆ ನೋಡಲಿಲ್ಲ. ನಾನು ನೋಡಿದೆ.

ಬ್ರಾಹ್ಮಣರ ಊಟವಾಗಿ ನನ್ನ ಎಲೆ ಹಾಕಿದಾಗ ಮೂರು ದಾಟಿತ್ತು. ಹಸಿವಾಗಿತ್ತು. ಐದು ವಡೆ ತಿಂದೆ, ಎರಡು ಸಲ ಪಾಯಸ ಹಾಕಿಸಿಕೊಂಡೆ. ತುಪ್ಪ ಮೊಣಕೈತನಕ ಇಳಿಯಿತು, ಅದನ್ನೂ ನೆಕ್ಕಿದೆ. ಅಡಿಗೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೊಗಳಿದೆ. ಮಾಡಿದ ಪಾಪಕ್ಕಿಂತ ಈ ಊಟ ನೆನಪಾದರೆ ನನಗೆ ಹೆಚ್ಚು ಓಕರಿಕೆ ಬರುತ್ತದೆ. ಮನಸ್ಸಿನಲ್ಲಿ ಅಳುಕು ಇದ್ದವನಿಗೆ ತುತ್ತು ಇಳಿಯುವುದಿಲ್ಲ ಅನ್ನುತ್ತಾರೆ. ನನಗೆ ಸಲೀಸಾಗಿ ಇಳಿಯಿತು. ಹೋಗುವಾಗ ಬ್ರಾಹ್ಮಣರಲ್ಲಿ ಹಿರಿಯರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಪಿತೃಗಳ ಇಚ್ಛೆ ಎಂದು ನನಗೇ ಸಮಾಧಾನ ಹೇಳಿದರು. ಕಣ್ಣಲ್ಲಿ ನೀರು ತಂದುಕೊಂಡು ಅದನ್ನೂ ಇಸಕೊಂಡೆ.

ಮುಂದಿನ ಮೇ ಹೊತ್ತಿಗೆ ಅವಳು ತುಂಬಿದ ಬಸುರಿ. ಆಮೇಲೆ ಕೂಸು, ಬಾಣಂತನ, ಅತ್ತೆಯ ಕಾಯಿಲೆ. ಪುಸ್ತಕಗಳು ಮತ್ತೆ ಅಟ್ಟ ಸೇರಿದವು. ಕೂಸು ಶಾಲೆಗೆ ಹೋಗತೊಡಗಿದ ಮೇಲೆ ಒಂದು ಲೆಕ್ಕಪರಿಶೋಧಕರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಇಪ್ಪತ್ತು ವರ್ಷ ಕಂಪನಿಗಳ ಲೆಕ್ಕ ತಪಾಸಣೆ ಮಾಡಿ, ತಪ್ಪು ಹುಡುಕಿ, ತಿದ್ದಿ ಇಟ್ಟವಳು ಅವಳು. ಕೊನೆಗೆ ಸಹಿ ಮಾತ್ರ ಪರೀಕ್ಷೆ ದಾಟಿದ ಬೇರೆಯವರದು, ಒಮ್ಮೊಮ್ಮೆ ಅವಳೇ ಕೆಲಸ ಕಲಿಸಿದ ಹುಡುಗರದು.

ನಾನು ತಪ್ಪೊಪ್ಪಿಕೊಳ್ಳದೆಯೂ ಇಲ್ಲ. ಆಚಾರ್ಯರಿಗೆ ಹೇಳಿದೆ. ಅವರು ಸಾವಿರದೆಂಟು ಗಾಯತ್ರಿ ಮಾಡಿ ಎಂದರು. ಮಾಡಿದೆ, ಹಗುರವೂ ಆಯಿತು. ಅಷ್ಟಕ್ಕೇ ಹಗುರಾಯಿತಲ್ಲ ಎಂದು ಈಗ ಅಸಹ್ಯವಾಗುತ್ತದೆ. ಹೆಂಡತಿ ಹಾಸಿಗೆ ಹಿಡಿದಾಗ ಅವಳ ಮುಂದೆಯೂ ಹೇಳಿಕೊಂಡು ಅತ್ತೆ. ಅವಳು ಕೇಳಿದಳು:

"ನನಗ್ಯಾಕ ಹೇಳ್ತೀರಿ? ಪರೀಕ್ಷಾಕ್ಕ ಹೊಂಟಾಕಿ ನಾನೇನು?"

ಅವಳು ಹೋಗಿ ಒಂಬತ್ತು ವರ್ಷವಾಯಿತು. ನಾವೀಗ ಮಿಯಾಪುರದ ಒಂದು ಫ್ಲ್ಯಾಟಿನಲ್ಲಿದ್ದೇವೆ. ನೆಂಟರು ಸೇರಿದಾಗ, ಪಾಪ, ಮಾವ ಮರೆತು ಮುಟ್ಟಿದ್ದರಿಂದ ಹೀಗಾಯಿತು ಎಂದು ಯಾರಾದರೂ ಆ ಕಥೆ ತೆಗೆಯುತ್ತಾರೆ. ಮರೆತು ಎಂಬ ಮಾತನ್ನು ಸೊಸೆ ತಿದ್ದುವುದಿಲ್ಲ, ಹೌದೆನ್ನುವುದೂ ಇಲ್ಲ. ಎದ್ದು ಒಳಗೆ ಹೋಗುತ್ತಾಳೆ. ನಾನು ತಲೆ ತಗ್ಗಿಸಿ ಮರೆತವನಂತೆ ಕೂಡುತ್ತೇನೆ. ದಿನಾ ಬೆಳಿಗ್ಗೆ ನನ್ನ ಕೈಗೆ ಗುಳಿಗೆ ಹಾಕಿ, ನುಂಗುವ ತನಕ ನೀರಿನ ಲೋಟ ಹಿಡಿದು ನಿಲ್ಲುತ್ತಾಳೆ. ಆ ಒಂದು ನಿಮಿಷ ಮನೆಯಲ್ಲಿ ನಾವಿಬ್ಬರೇ. ಒಂದು ಮಾತಿಗೆ ಅಷ್ಟು ಹೊತ್ತು ಸಾಕು. ನಾನು ಗುಳಿಗೆ ನುಂಗುತ್ತೇನೆ, ಲೋಟ ತಿರುಗಿ ಕೊಡುತ್ತೇನೆ. ದೇವರ ಮುಂದೆ, ಆಚಾರ್ಯರ ಮುಂದೆ, ಸಾಯುತ್ತಿದ್ದ ಹೆಂಡತಿಯ ಮುಂದೆ ಬಾಯಿಬಿಟ್ಟೆ, ಈಗ ನಿಮ್ಮ ಮುಂದೆಯೂ ಬಿಟ್ಟೆ. ತಪ್ಪಾಯಿತು ಎಂದು ಇವತ್ತಿನ ತನಕ ನಾನು ಹೇಳದಿರುವುದು ಒಬ್ಬಳಿಗೇ, ನನ್ನ ಸೊಸೆಗೆ.