ಮಗುವನ್ನು ಹೊಗಳಿ ಮುಟ್ಟದೆ ಬಂದ ದಿನ

ಎರಡು ವರ್ಷದ ಹಿಂದಿನ ಮಾತು. ಗುರುವಾರವೆಂದು ನನ್ನ ನೆನಪು, ದಿನಚರಿಯಲ್ಲಿ ಶುಕ್ರವಾರ ಎಂದಿದೆ. ಇಷ್ಟು ಸಣ್ಣ ವಿಷಯದಲ್ಲೇ ತಪ್ಪುವ ನೆನಪನ್ನು ಉಳಿದದ್ದಕ್ಕೆ ಎಷ್ಟು ನಂಬಬೇಕೋ ತಿಳಿಯದು. ಆದರೂ ಬರೆಯುತ್ತೇನೆ.

ಬರ್ಕ್ಲಿಯಲ್ಲಿ ಸಾರ್ವಜನಿಕ ಆರೋಗ್ಯ ಓದಿ ಮುಗಿಸಿದ ಮೇಲೆ ಹೇವರ್ಡ್ ಕಡೆಯ ಒಂದು ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಅಲ್ಲಿಗೆ ಮೆಕ್ಸಿಕೋ, ಗ್ವಾಟೆಮಾಲಾ ಮೂಲದ ಹೆಂಗಸರು ಹೆಚ್ಚಾಗಿ ಬರುತ್ತಾರೆ. ನರ್ಸುಗಳು ಅವರನ್ನು ಹೇಗೆ ನೋಡಿಕೊಳ್ಳುತ್ತಾರೆ, ಅವರಿಗೆ ತೃಪ್ತಿಯಾಗಿದೆಯೇ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಅದಕ್ಕೆಂದೇ ಅರ್ಧಂಬರ್ಧ ಸ್ಪ್ಯಾನಿಷ್ ಕಲಿತಿದ್ದೆ. ಎಲ್ಲರೂ ಎಲ್ಲದಕ್ಕೂ "ತುಂಬಾ ಚೆನ್ನಾಗಿದೆ" ಎನ್ನುತ್ತಿದ್ದರು.

ಆ ದಿನ ಮಕ್ಕಳ ವಾರ್ಡಿನಲ್ಲಿ ಮಾರಿಸೋಲ್ ಎಂಬ ತಾಯಿ ಸಿಕ್ಕಳು. ವಾಂತಿಭೇದಿಯಿಂದ ಬಸವಳಿದಿದ್ದ ಅವಳ ಎಂಟು ತಿಂಗಳ ಮಗು, ಡ್ರಿಪ್ಪು ಹಾಕಿದ ಮೇಲೆ ಆಗಷ್ಟೇ ನಗತೊಡಗಿತ್ತು. ಪ್ರಶ್ನೆ ಮುಗಿಸಿ ಏಳುವಾಗ, "ಎಂಥ ಚೆಂದದ ಕಣ್ಣು!" ಎಂದೆ. ಮಾರಿಸೋಲ್ ಮಗುವನ್ನು ನನ್ನ ಕಡೆಗೆ ಸ್ವಲ್ಪ ಎತ್ತಿ ಹಿಡಿದಳು. ರೋಗಿಗಳನ್ನು ಮುಟ್ಟಬಾರದೆಂದು ನಮಗೆ ನಿಯಮ. ನಕ್ಕು ಹೊರಟುಬಿಟ್ಟೆ.

ಒಂದು ಗಂಟೆಯಾಗಿರಬೇಕು, ಆ ವಾರ್ಡಿನ ಹಿರಿಯ ನರ್ಸ್, ಮೆಕ್ಸಿಕೋ ಮೂಲದವರೇ ಆದ ಲೂಪೆ ನನ್ನನ್ನು ಹುಡುಕಿಕೊಂಡು ಬಂದರು.

"ಆ ಮಗೂನ ಹೊಗಳಿದ್ಯಾ?"

"ಹೌದು."

"ಮುಟ್ಟಿದ್ಯಾ?"

"ಇಲ್ಲ, ನಿಯಮ ಇದೆಯಲ್ಲ..."

"ನೀನು ಹೋದಾಗಿಂದ ಒಂದೇ ಸಮ ಅಳ್ತಿದೆ. ಹಾಲು ಬಾಯಿಗೇ ತಗೊಳ್ತಿಲ್ಲ. ಡ್ರಿಪ್ಪು ಕಿತ್ತು ಮನೆಗೆ ಕರ್ಕೊಂಡು ಹೋಗ್ತೀನಿ ಅಂತಿದ್ದಾಳೆ ತಾಯಿ. ಡಾಕ್ಟ್ರು ಎರಡು ಸಲ ಹೇಳಿ ನೋಡಿದ್ರು. ಈಗ ಹೋದ್ರೆ ಮಗೂ ಜೀವಕ್ಕೇ ಅಪಾಯ. ಬಾ, ಬಂದು ಮುಟ್ಟು."

"ನನ್ನ ಕಣ್ಣು ತಗುಲಿತು ಅಂತಾನಾ?" ಎಂದೆ.

ಮದುವೆಯಾಗಿ ಹನ್ನೊಂದು ವರ್ಷ, ನಮಗೆ ಮಕ್ಕಳಿಲ್ಲ. ಒಮ್ಮೆ ಹಾಸನದಲ್ಲಿ ನಾದಿನಿಯ ಕೂಸನ್ನು ನಾನು ಆಡಿಸಿ ಕೊಟ್ಟ ಮೇಲೆ, ಅತ್ತೆ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದ್ದರು. ಘಾಟೇ ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಎಂದೇ ಅರ್ಥ. ಯಾರೂ ನನಗೇನೂ ಅನ್ನಲಿಲ್ಲ. ಕೂಸನ್ನು ಮಾತ್ರ ಮತ್ತೆ ನನ್ನ ಕೈಗೆ ಕೊಡಲಿಲ್ಲ.

ಲೂಪೆ ನನ್ನ ಭುಜ ಹಿಡಿದರು. "ಇದರಲ್ಲಿ ನಿನ್ನ ತಪ್ಪಿಲ್ಲ ಮಗಳೇ. ಕಣ್ಣು ಕೆಟ್ಟದ್ದು ಅನ್ನಲ್ಲ ನಾವು, ಜೋರು ಅಂತೀವಿ ಅಷ್ಟೆ. ಇಷ್ಟಪಟ್ಟವರೇ ಮುಟ್ಟಿದ್ರೆ ಇಳಿಯುತ್ತೆ, ಬೇರೆಯವರ ಕೈಲಿ ಆಗಲ್ಲ. ಮೊದ್ಲು ಸೋಪು ಹಾಕಿ ಕೈ ತೊಳ್ಕೋ."

ಕಾರಿಡಾರಿನ ತುದಿಗೇ ಅಳು ಕೇಳುತ್ತಿತ್ತು. ಮಾರಿಸೋಲ್ ಬೈಯಲಿಲ್ಲ. ದಾರಿ ಬಿಟ್ಟು ಗೋಡೆಗೆ ಒರಗಿ ನಿಂತಳು. ಅವಳೂ ಲೂಪೆಯೂ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಬಾಗಿದಾಗ ಬಿಗಿಯಾಗಿ ಮುಚ್ಚಿದ್ದ ಕಣ್ಣನ್ನು ಮಗು ತೆರೆಯಿತು. ಗುರುತು ಹಿಡಿದಂತೆ, ಎವೆಯಿಕ್ಕದೆ ನನ್ನನ್ನು ನೋಡಿತು. ಹಣೆ ಮುಟ್ಟಿದೆ. ಅಳು ಇಳಿಯುತ್ತಾ ಬಂದು ನಿಂತದ್ದಲ್ಲ, ನಲ್ಲಿ ತಿರುಗಿಸಿದಂತೆ ನಿಂತಿತು. ಕೋಣೆಯಲ್ಲಿ ಡ್ರಿಪ್ಪಿನ ಯಂತ್ರದ ಸದ್ದು ಮಾತ್ರ. ನನ್ನ ಅಂಗೈ ಜುಮ್ಮೆನ್ನುತ್ತಿತ್ತು. ತೊಳೆದ ಕೈಯ ತಂಪಿರಬೇಕು.

ಮಗು ಹಾಲು ಕುಡಿಯಿತು. ಮಾರಿಸೋಲ್ ಮನೆಗೆ ಹೋಗುವ ಮಾತೆತ್ತಲಿಲ್ಲ. ಎರಡು ದಿನದ ಮೇಲೆ ಮಗುವಿಗೆ ಪೂರ್ತಿ ಗುಣವಾಗಿ ಹೊರಟಾಗ, ಇಲ್ಲಿ ಯಾವುದು ಸಮಾಧಾನ ಕೊಟ್ಟಿತು ಎಂದು ಅವಳನ್ನು ಮತ್ತೆ ಕೇಳಿದೆ. ಈ ಸಲ "ತುಂಬಾ ಚೆನ್ನಾಗಿದೆ" ಎನ್ನಲಿಲ್ಲ. "ನಾನು ಹೇಳಿದ್ದಕ್ಕೆ ಲೂಪೆ ನಗಲಿಲ್ಲ. ಹೋಗಿ ನಿಮ್ಮನ್ನ ಕರ್ಕೊಂಡು ಬಂದ್ರು" ಎಂದಳು.

ಗಂಡನಿಗೆ ಹೇಳಿದರೆ ಅವನು ನಕ್ಕ. "ಅತ್ತೂ ಅತ್ತೂ ಸುಸ್ತಾಗಿರುತ್ತೆ ಕಣೇ. ಕೆಲ್ಸ ಮಾಡಿದ್ದು ಡ್ರಿಪ್ಪು, ನಿನ್ನ ಕೈಯಲ್ಲ. ಇನ್ನು ದೃಷ್ಟಿ ತೆಗೀತೀನಿ ಅಂತ ಬಾಗಿಲಿಗೆ ಬೋರ್ಡು ಹಾಕ್ಕೊಂಡು ಕೂತ್ಕೋಬೇಡ!"

ಅವನು ಹೇಳಿದ್ದೇ ನಿಜವಿರಬೇಕು. ಆದರೆ ಮಗು ಕಣ್ಣು ತೆರೆದಾಗಲೇ ಅಳು ನಿಂತಿತ್ತೋ, ನನ್ನ ಬೆರಳು ತಗುಲಿದ ಮೇಲೆ ನಿಂತಿತೋ? ಎರಡೂ ನನ್ನ ನೆನಪಿನಲ್ಲಿ ಅಷ್ಟೇ ಸ್ಪಷ್ಟವಾಗಿವೆ. ಮುಟ್ಟಿದ ಮೇಲೆ ನಿಂತಿತೆಂದರೆ, ನನ್ನ ಕಣ್ಣೇ ತಗುಲಿತ್ತೆಂದೂ ಒಪ್ಪಬೇಕಾಗುತ್ತದೆ.

ಪಕ್ಕದಲ್ಲೇ ನಿಂತಿದ್ದ ಲೂಪೆಗೆ ಗೊತ್ತಿರುತ್ತದೆ. ದಿನವೂ ಸಿಗುತ್ತಾರೆ. ನಾನು ಇನ್ನೂ ಕೇಳಿಲ್ಲ.