ಸೋಪು ಹಚ್ಚಿ ತೊಳೆದ ಬಾಟಲಿಗಳು

ಆದೋನಿ ಕಡೆಯ ಒಂದು ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ನಾನು ನೀರು ಪರೀಕ್ಷೆ ಮಾಡುತ್ತೇನೆ. ನಾವು ಹೊರಬಿಡುವ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಉಳಿದ ರಂಜಕ ಹಳ್ಳದ ಗುಂಟ ಹೋಗಿ ಕೆಳಗಿನ ಜಲಾಶಯ ಸೇರುತ್ತದೆ. ಅದರಿಂದ ಬೇಸಿಗೆಯಲ್ಲಿ ಅಲ್ಲಿ ಪಾಚಿ ದಪ್ಪಗೆ ಕಟ್ಟುತ್ತದೆ. ಸುತ್ತಲಿನ ಊರುಗಳು ಕುಡಿಯುವುದು ಅದೇ ನೀರು. ಪಟಿಕ ಹಾಕಿದರೆ ರಂಜಕ ತಳಕ್ಕೆ ಕೂರುತ್ತದೆ. ಅದನ್ನು ತೋರಿಸಲು ಮೂರು ತಿಂಗಳ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತ್ತು. ರಂಜಕ ಇಳಿದರೆ ಪಟಿಕ ಕಾಯಂ, ಇಳಿಯದಿದ್ದರೆ ಬಂದ್.

ಇಳಿಯಲಿಲ್ಲ. ಪಟಿಕ ಹೆಚ್ಚಿಸಿದೆ, ಉಪಕರಣವನ್ನು ಅನುಮಾನಿಸಿದೆ, ಕೊನೆಗೆ ಸಹಿ ಹಾಕಿ ವರದಿ ಕೊಟ್ಟೆ. ಕೊಟ್ಟ ಮೂರನೆಯ ದಿನ ನಲ್ಲಿಯ ಹತ್ತಿರ ಹೋದರೆ, ಪರೀಕ್ಷೆಯ ನೀರು ತುಂಬುವ ಬಾಟಲಿ ತೊಳೆಯುವ ಹೆಂಗಸು ಮೊಣಕೈವರೆಗೂ ನೊರೆ ಮಾಡಿಕೊಂಡು ಕೂತಿದ್ದಳು. ಜಲಾಶಯದ ದಂಡೆಯ ಊರಿನವಳು ಅವಳು.

"ಏನಕ್ಕಾ ಇದು, ಸೋಪಿನ ಪುಡಿ ಹಾಕೀಯೇನು?"

"ಮತ್ತ? ಊರಮಂದಿ ಪಾಯಿಖಾನಿ ನೀರು ತುಂಬಿದ ಬಾಟ್ಲಿರಿ. ಬರೇ ನೀರಾಗ ಅದ್ದಿ ಇಟ್ರ ಮುಟ್ಟಾಕ ಮನಸಾಗತೈತೇನು? ಸ್ವಚ್ಛ ಇರ್ಬೇಕಂತ ನೀವೇ ಹೇಳಿದ್ರಿ. ನಮ್ಮ ಮನಿ ಪುಡಿ ತಂದು ತಿಕ್ಕೀನಿ, ಆಪೀಸಿಂದಲ್ಲ."

ಸೋಪಿನ ಪುಡಿಯಲ್ಲೇ ರಂಜಕವಿರುತ್ತದೆ, ಗಾಜಿಗೆ ಅಂಟಿ ಉಳಿಯುತ್ತದೆ. ಪ್ರಯೋಗಕ್ಕೆ ಮುಂಚೆ ಬಾಟಲಿಗಳನ್ನು ನಾನೇ ಆಮ್ಲದಲ್ಲಿ ತೊಳೆಯುತ್ತಿದ್ದೆ. ಪ್ರಯೋಗ ಶುರುವಾದ ದಿನ ಆ ಕೆಲಸವನ್ನು ಅವಳಿಗೆ ಒಪ್ಪಿಸಿದೆ. ಮೂರು ತಿಂಗಳು ನಾನು ಅಳೆದದ್ದು ಅವಳ ಸೋಪನ್ನು.

ಸೋಪು ಬೇಡವೆಂದು ಅವಳಿಗೆ ಹೇಳಿದ್ದೆ ಎಂದೇ ನನ್ನ ನೆನಪು. ಹೇಳಿದ ಜಾಗವೂ ಕಣ್ಣ ಮುಂದಿದೆ: ಬಾಗಿಲ ಬಳಿ, ಅವಳ ಕೈಯಲ್ಲಿ ಪೊರಕೆ. ಡೈರಿ ತೆಗೆದು ನೋಡಿದೆ. ಆ ದಿನದ್ದು ಒಂದೇ ಸಾಲು: ಬಾಟಲಿ ಸ್ವಚ್ಛವಾಗಿರಬೇಕೆಂದು ತಿಳಿಸಿದೆ. ಪೊರಕೆಯನ್ನು ಆಮೇಲೆ ನನ್ನ ನೆನಪೇ ಅವಳ ಕೈಗೆ ಕೊಟ್ಟಿರಬಹುದು.

ತಪ್ಪು ನನ್ನದು, ಇನ್ನೊಂದು ತಿಂಗಳು ಕೊಡಿ ಎಂದು ಪತ್ರ ಬರೆದು ಘಟಕದ ಇಂಜಿನಿಯರರಿಗೆ ಕೊಟ್ಟೆ. ಓದಿ ನಕ್ಕರು.

"ಅಯಿಪೋಯಿಂದಿ ಮೇಡಂ, ಮುಗೀತು, ರಿಪೋರ್ಟ್ ಮ್ಯಾಲ ಹೋತು. ಎಮ್ಮೆಸ್ಸಿ ಓದಿದಾಕಿಗೆ ಬಾಟ್ಲಿ ತೊಳಿಸಾಕ ಬರಲಿಲ್ಲಂತ ನಾ ಬರೀಲೇನು? ಬಾಟ್ಲಿ ತೊಳಿಯಾಕಿ ತಪ್ಪು ಅಂತ ಬರ್ಕೊಡ್ರಿ, ಕಳಸ್ತೀನಿ. ಆಕಿನ್ನ ತೆಗೆದು ಇನ್ನೊಬ್ರನ್ನ ಇಟ್ಕೊಂಡ್ರಾತು."

ಬರೆದುಕೊಡಲಿಲ್ಲ. ಮುಂದೆ ಇದನ್ನು ನನ್ನ ಒಳ್ಳೆಯತನವೆಂದು ನೆನೆಯುವ ಆಸೆ ಹುಟ್ಟಬಹುದು. ಅದಕ್ಕೇ ಇಲ್ಲಿ ಗುರುತು ಹಾಕಿಡುತ್ತೇನೆ: ಎರಡು ದಿನ ಯೋಚಿಸಿದ್ದೆ, ಅರ್ಧ ಪುಟ ಕರಡೂ ಮಾಡಿದ್ದೆ, ಆಮೇಲೆ ಹರಿದೆ.

ನನ್ನ ಪತ್ರ ಅವರ ಮೇಜಿನ ಮೇಲೇ ಬಿದ್ದಿದೆ. ಪಟಿಕ ನಿಂತು ಎರಡು ವಾರವಾಯಿತು, ಉಳಿದ ಚೀಲಗಳನ್ನು ಲಾರಿ ಒಯ್ದಿತು. ಇವತ್ತು ಅವಳು ಕೈಗವಸು ಹಾಕಿಕೊಂಡು ಬಾಟಲಿಗಳನ್ನು ಆಮ್ಲದಲ್ಲಿ ಅದ್ದುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ.

"ಈಗ ಸರಿ ತೊಳ್ಯಾಕತ್ತೀನೇನ್ರಿ?"

"ಸರಿ ಐತಿ."

"ಹಂಗಾದ್ರ ಪಟಿಕ ಮತ್ತ ಯಾವಾಗ ಹಾಕ್ತೀರಿ?"

"ಸಾಹೇಬ್ರನ್ನ ಕೇಳೀನಿ" ಎಂದೆ. ಕೇಳಿದ್ದು ನಿಜ. ಅವರು ಏನೆಂದರೆಂದು ಅವಳಿಗೆ ಹೇಳಲಿಲ್ಲ.