ಇಪ್ಪತ್ತೊಂದನೇ ಫೋಟೋ

"ಅಮ್ಮಾ, ಫೋಟೋ ತೆಗೆಯೋವಾಗ ವೈಜಯಂತಿ ಆಂಟಿ ಮುಖ ಯಾಕೆ ಆ ಕಡೆ ತಿರುಗಿಸ್ತಾರೆ? ಡರ್ ಲಗ್ತಾ ಹೈ ಕ್ಯಾ?"

ಇಂಚರಾ ತನ್ನ ಆರನೇ ಹುಟ್ಟುಹಬ್ಬದ ಫೋಟೋಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡಿದ್ದಳು. ಧಾರಿಣಿ ಬಗ್ಗಿ ನೋಡಿದಳು. ವೈಜಯಂತಿ ಇದ್ದ ಮೂರು ಫೋಟೋಗಳಲ್ಲೂ ಅವಳ ಜಡೆ ಇತ್ತು, ಭುಜ ಇತ್ತು, ಮುಖ ಇರಲಿಲ್ಲ. ಒಗೆಯಲು ತೆಗೆದ ಮಗಳ ಫ್ರಾಕಿನ ಜೇಬಿನಲ್ಲಿ ಸುರುಳಿ ಸುತ್ತಿದ ಹಳೆಯ ಫಿಲ್ಮ್ ತುಂಡೊಂದು ಸಿಕ್ಕಿತು.

"ಆಂಟಿ ಗೇಮ್ ಹೇಳ್ಕೊಟ್ರು," ಎಂದಳು ಮಗು.

ಕಿದ್ವಾಯಿ ನಗರದ ಆ ಸಾಲಿನಲ್ಲಿ ಆಫೀಸಿಗೆ ಹೋಗುವ ತಾಯಂದಿರು ಮಕ್ಕಳನ್ನು ಬಿಡುತ್ತಿದ್ದುದು ವೈಜಯಂತಿಯ ಒಂದು ಕೋಣೆಯ ಮನೆಯಲ್ಲೇ. ಒಂಬತ್ತು ಮಕ್ಕಳು. ಯಾವ ಮಗುವಿಗೆ ಬೇಳೆ ಆಗದು, ಯಾವುದಕ್ಕೆ ಬೆನ್ನು ತಟ್ಟಿದರೆ ನಿದ್ದೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಹಿಂದಿಯೇ ತುಂಬಿದ ಆ ಊರಲ್ಲಿ ಇಂಚರಾಗೆ ಅಷ್ಟಿಷ್ಟು ಕನ್ನಡ ಬಂದಿದ್ದರೆ ಅದೂ ಅವಳ ಪುಣ್ಯ.

ಶನಿವಾರ ಸಂಜೆ ಮಗಳು ಬಿಟ್ಟುಬಂದ ಊಟದ ಡಬ್ಬಿ ತರಲು ಹೋದ ಧಾರಿಣಿ ತಮಾಷೆಗೆ ಹೇಳಿದಳು: "ನಿಮಗೆ ಕ್ಯಾಮೆರಾ ಅಂದ್ರೆ ಭಯವಂತೆ. ನಮ್ಮನೆ ಮೇಡಂ ಕಂಡುಹಿಡಿದಿದ್ದಾರೆ."

ವೈಜಯಂತಿ ನಗಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವಳು ಎತ್ತಲಿಲ್ಲ. ನಿಂತಿತು. ಮತ್ತೆ ಬಡಿದುಕೊಂಡಿತು.

"ಕೂತ್ಕೋ ಧಾರಿಣಿ. ಬಾಗಿಲು ಹಾಕು."

ಗಂಡ ಸತ್ತ ವರ್ಷ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕುದುರುವ ಮೊದಲು, ವೈಜಯಂತಿ ಕರೋಲ್ ಬಾಗ್‌ನ ಅನಂತಮೂರ್ತಿಗಳ ಸ್ಟುಡಿಯೋಗೆ ಹೋಗಲು ಶುರುಮಾಡಿದ್ದಳು. ಬಟ್ಟೆಯಿಲ್ಲದೆ ನಿಲ್ಲುವ ಕೆಲಸ. ಚಿತ್ರಕಲೆ ಕಲಿಯುವವರು ನೋಡಿ ಬರೆಯಲು ಆ ಫೋಟೋಗಳನ್ನು ಕೊಳ್ಳುತ್ತಿದ್ದರು. ಸೊಂಟದ ಮೇಲೆ ಲಂಗದ ಲಾಡಿ ಒತ್ತಿದ ಗುರುತು ಫಿಲ್ಮಿನಲ್ಲಿ ಬೀಳುತ್ತದೆಂದು ಫೋಟೋ ಇದ್ದ ದಿನ ಬೆಳಗಿನಿಂದ ಸಡಿಲವಾದ ನೈಟಿಯಲ್ಲೇ ಇರಬೇಕು, ಮೇಲೊಂದು ಶಾಲು. ಸ್ಟುಡಿಯೋದಲ್ಲಿ ಹೀಟರು, ನೆಲದ ಮೇಲೆ ಪಾದವಿಡಲು ಸೀಮೆಸುಣ್ಣದ ಗುರುತು.

ಮುದುಕ ಅನಂತಮೂರ್ತಿಗಳ ನಿಯಮಗಳು ಎರಡೇ. ಮುಖ ಬರಕೂಡದು. ರೋಲು ಮುಗಿದ ದಿನವೇ ತಾವೇ ಅದನ್ನು ತೊಳೆದು, ಬೇಕಾದ ಪ್ರಿಂಟು ಹಾಕಿ, ನೆಗೆಟಿವ್ ಅವಳ ಕೈಗೆ ಕೊಡಬೇಕು. ಒಂಬತ್ತು ವರ್ಷದ ನೆಗೆಟಿವ್‌ಗಳು ಅವಳ ಬಿಸ್ಕತ್ತು ಡಬ್ಬಿಯಲ್ಲಿದ್ದವು.

"ಮಕ್ಕಳಿಗೆ ಗಂಜಿ ಕಾಯಿಸಿದಷ್ಟೇ ಮರ್ಯಾದೆಯ ಕೆಲಸ ಅದು. ಒಂದು ದಿನ ಮೈ ಮುಟ್ಟಲಿಲ್ಲ ಅವರು," ಎಂದಳು ವೈಜಯಂತಿ. ಧಾರಿಣಿಯ ಕಣ್ಣು ಮೂಲೆಯಲ್ಲಿದ್ದ ಮಗಳ ಪುಟ್ಟ ಚಾಪೆಯ ಮೇಲೆ ನಿಂತಿತು.

ಹೋದ ತಿಂಗಳು ಒಂದು ರೋಲಿನಲ್ಲಿ ಇಪ್ಪತ್ತು ಫೋಟೋ ಆದಾಗ ಮುದುಕರು, "ಒಂದೇ ಒಂದು, ಮುಖ ಸಮೇತ. ನಿನಗೇ ಇಟ್ಕೊಳ್ಳೋಕೆ," ಎಂದರು. ವೈಜಯಂತಿಗೆ ನಲವತ್ತಾಗಿತ್ತು. ತನ್ನನ್ನು ತಾನು ಒಮ್ಮೆ ಪೂರ್ತಿ ನೋಡಿಕೊಳ್ಳಬೇಕೆನಿಸಿತು. ಹೂಂ ಎಂದಳು. ಇಪ್ಪತ್ತೊಂದನೆಯದು ಕ್ಲಿಕ್ಕಾದ ಮೇಲೆ ಕರೆಂಟು ಹೋಯಿತು. ಉಳಿದದ್ದು ಸೋಮವಾರ ಎಂದುಕೊಂಡರು. ಭಾನುವಾರ ಅವರ ಎದೆಬಡಿತ ನಿಂತಿತು. ರೋಲು ಕ್ಯಾಮೆರಾದಲ್ಲೇ ಉಳಿಯಿತು.

ಈಗ ಸ್ಟುಡಿಯೋ ಅವರ ತಂಗಿಯ ಮಗ ರಜತ್‌ನದು. ಹಳೆಯ ಕ್ಯಾಮೆರಾಗಳನ್ನೆಲ್ಲ ಮಾರಾಟಕ್ಕೆ ಮೇಜಿನ ಮೇಲೆ ಜೋಡಿಸಿದ್ದಾನೆ. ಮಾತಾಡಿಸಿ ಬರಲು ಹೋದ ವೈಜಯಂತಿಯ ಮೊಣಕೈ ಮೇಲಿನ ಸುಟ್ಟ ಗಾಯದ ಕಲೆಯನ್ನು ಅವನು ನೋಡಿದ, ಗೋಡೆಯ ಮೇಲಿನ ಮುಖವಿಲ್ಲದ ಫೋಟೋ ನೋಡಿದ, ಮತ್ತೆ ಕಲೆ ನೋಡಿದ. ಅಂದಿನಿಂದ ಫೋನು.

"ಏನಂತಾನೆ?"

"'ಒಂದರಲ್ಲಿ ಇನ್ನೂ ರೋಲಿದೆ ಆಂಟಿ, ಸೋಮವಾರ ಲ್ಯಾಬಿಗೆ ಕಳಿಸ್ತೀನಿ. ಅಷ್ಟರೊಳಗೆ ನೀವೊಬ್ರೇ ಬಂದ್ರೆ ಕೂತು ಮಾತಾಡೋಣ' ಅಂತಾನೆ." ವೈಜಯಂತಿ ಶಾಲನ್ನು ಬಿಗಿದುಕೊಂಡಳು. "ಆ ಫೋಟೋ ಹೊರಗೆ ಬಂದ್ರೆ ನನ್ನ ಹತ್ರ ಯಾವ ತಾಯಿ ಮಗು ಬಿಡ್ತಾಳೆ? ನೀನು ಬಿಡ್ತೀಯಾ?"

ಫೋನು ಮತ್ತೆ ಬಡಿದುಕೊಂಡಿತು. ಧಾರಿಣಿ ಅದನ್ನು ಕವುಚಿ ಹಾಕಿದಳು.

ವೈಜಯಂತಿ ದಿಂಬಿನಡಿಯಿಂದ ಅಂಥದ್ದೇ ಹಳೆಯದೊಂದು ಕ್ಯಾಮೆರಾ ತೆಗೆದಳು. ಅದರ ಬೆನ್ನು ತೆರೆದಿತ್ತು, ಒಳಗಿಂದ ಫಿಲ್ಮು ಕರುಳಿನಂತೆ ಜೋತಾಡುತ್ತಿತ್ತು. ಮಗಳ ಜೇಬಿನಲ್ಲಿದ್ದ ಸುರುಳಿ ಎಲ್ಲಿಂದ ಬಂತೆಂದು ಧಾರಿಣಿಗೆ ಆಗ ತಿಳಿಯಿತು.

"ನಾಳೆ ಹನ್ನೊಂದಕ್ಕೆ ಅಂಗಡಿ ತೆಗೀತಾನೆ. ನಿನ್ನ ಗುರುತಿಲ್ಲ ಅವನಿಗೆ. ಕ್ಯಾಮೆರಾ ಕೊಳ್ಳೋಳ ಹಾಗೆ ಮಾತಿಗೆಳಿ. ಕೆಂಪು ಪಟ್ಟಿ ಇರೋದ್ರಲ್ಲೇ ನನ್ನ ರೋಲು. ಬೆಳಕಿಗೆ ಒಂದು ಗಳಿಗೆ ಫಿಲ್ಮು ಬಿದ್ರೆ ಸಾಕು, ಎಲ್ಲ ಸುಟ್ಟುಹೋಗುತ್ತೆ. ದೊಡ್ಡೋರು ಎಳೆದ್ರೆ ಜಗಳ. ಮಗು ಎಳೆದ್ರೆ..." ವೈಜಯಂತಿ ಧಾರಿಣಿಯ ಕೈ ಹಿಡಿದುಕೊಂಡಳು. "ಇಂಚರಾಗೆ ಆ ಆಟ ಈಗ ಚೆನ್ನಾಗಿ ಬರುತ್ತೆ. ಅವಳನ್ನ ಕರ್ಕೊಂಡು ಹೋಗ್ತೀಯಾ?"